ಹನ್ನೆರಡು ಪಾಯಿಂಟ್ ಒಂದು

ಮೂವತ್ತೊಂದು ವರ್ಷ ಮಂದಿಯ ಹಿತ್ತಲುಗಳಲ್ಲಿ
ನಾಯಿಗಳಿಂದ ಬೊಗಳಿಸಿಕೊಂಡು ಮೀಟರು ಓದಿದವಳು ನಾನು,
ಎವುಫೇಮಿಯ. ಸ್ಯಾನ್ ಲೂಯಿಸ್ ಕಣಿವೆಯಲ್ಲಿ
ಯಾರ ಮನೆಯ ದೀಪ ಯಾವ ತಿಂಗಳು ಆರಿತೆಂದು
ಪಾದ್ರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಈಗ ಇಲ್ಲಿ, ಹನ್ನೊಂದು ಸಾವಿರ ಅಡಿಯ ಮೇಲೆ,
ಕಂಬವಿಲ್ಲ, ತಂತಿಯಿಲ್ಲ, ಬಿಲ್ಲಿಲ್ಲ.
ಹದಿಮೂರಡಿಯ ಟ್ರೇಲರು, ಕೋಳಿಮೊಟ್ಟೆಯ ಆಕಾರ.
ಸೋದರಮಾವನ ಮಗ ಉಬಾಲ್ದೊ
ಹನ್ನೆರಡು ಮೂಟೆ ಆಲೂಗಡ್ಡೆಗೆ, ಒಂದು ಹಳೇ ಜಗಳಕ್ಕೆ
ಬದಲಾಗಿ ಕೊಟ್ಟದ್ದು.
ಒಳಗೆ ಇಬ್ಬರು ನಿಂತರೆ, ಒಬ್ಬರು ಉಸಿರು ಬಿಟ್ಟ ಮೇಲೆ
ಇನ್ನೊಬ್ಬರು ಎಳೆದುಕೊಳ್ಳಬೇಕು.

ಉಸಿರಿನ ಮಾತು ಸುಮ್ಮನೆ ಬಂದದ್ದಲ್ಲ.

ಸೆಲೆದೋನಿಯೊ ಇಪ್ಪತ್ತೆರಡು ವರ್ಷ ಗಣಿಯೊಳಗೆ
ಬೆಟ್ಟ ಅಗೆದ. ಬೆಟ್ಟ ಸ್ವಲ್ಪ ಅವನೊಳಗೇ ಉಳಿದುಕೊಂಡಿತು.
ಎಂಟು ಸಾವಿರದಿಂದ ಮೇಲೆ ಬೇಡ ಎಂದಳು ಡಾಕ್ಟರು.
"ಅದರ ಹೊಟ್ಟೆಯಲ್ಲೇ ಇದ್ದೆ ಇಷ್ಟು ಕಾಲ,
ಒಮ್ಮೆ ನೆತ್ತಿ ನೋಡಬೇಡವೇನೆ?" ಎಂದ ಇವನು.
ಬೇಡ ಅಂದೆ. ಅನ್ನುತ್ತಲೇ ಬ್ಯಾಟರಿ ತುಂಬಿಸಿದೆ,
ಆಮ್ಲಜನಕದ ಯಂತ್ರಕ್ಕೆ ಹಾಸಿಗೆಯ ಕಾಲ್ದೆಸೆಯಲ್ಲಿ ಜಾಗ ಮಾಡಿದೆ.

ಎತ್ತರ ಎಲ್ಲವನ್ನೂ ಉಬ್ಬಿಸುತ್ತದೆ.
ಚಿಪ್ಸಿನ ಪೊಟ್ಟಣ ತಮಟೆಯಂತೆ ಬಿಗಿದುಕೊಂಡಿತ್ತು.
ಶಾಂಪೂ ಮುಚ್ಚಳ ತೆರೆದರೆ ನನ್ನ ಮುಖಕ್ಕೇ ಉಗುಳಿತು.
ಇವನು ಕೆಮ್ಮುವಷ್ಟು ನಕ್ಕ,
ನಕ್ಕಷ್ಟೂ ಕೆಮ್ಮಿದ.
ಬೀನ್ಸು ಮಧ್ಯಾಹ್ನದಿಂದ ಕುದಿಯುತ್ತಲೇ ಇತ್ತು, ಬೇಯಲಿಲ್ಲ.
ಇಲ್ಲಿ ನೀರಿಗೆ ಕುದಿಯುವ ಅವಸರ, ಬೇಯಿಸುವ ಮನಸ್ಸಿಲ್ಲ,
ನನ್ನ ನಾದಿನಿಯ ಹಾಗೆ.
ಕುಕ್ಕರು ಕೆಳಗೆ ಮನೆಯಲ್ಲಿ, ಒಲೆಯ ಮೇಲೇ ಕೂತಿದೆ.

ಸಂಜೆ ಸೂರ್ಯ ಗುಡ್ಡದ ಹಿಂದೆ ಇಳಿದದ್ದೇ ತಡ
ಚಳಿ ಮೆಟ್ಟು ಕಳಚದೆ ಒಳಗೆ ಬಂತು.
ಕೆಳಗೆ ಸ್ಪ್ರೂಸ್ ಮರಗಳ ನಡುವೆ ಎಲ್ಕ್ ಗಂಡೊಂದು
ತುಕ್ಕು ಹಿಡಿದ ಗೇಟು ತೆರೆದಂತೆ ಕೂಗುತ್ತಿತ್ತು.

ರಾತ್ರಿ ಹತ್ತಕ್ಕೆ: ಹನ್ನೆರಡು ಪಾಯಿಂಟ್ ಐದು.
ಒಂದು ಗಂಟೆಗೆ: ಹನ್ನೆರಡು ಪಾಯಿಂಟ್ ಒಂದು.
ಗೋಡೆಯ ಮೇಲೆ ಕೆಂಪು ಅಂಕಿ. ಓದದೆ ಇರಲಾರೆ.
ಹೀಟರಿನ ಫ್ಯಾನು ಕುಡಿಯುತ್ತದೆ, ಇವನ ಯಂತ್ರ ಕುಡಿಯುತ್ತದೆ,
ಬೆಳಗಿನ ತನಕ ಎರಡಕ್ಕೂ ಸಾಲದು.
ಈ ಲೆಕ್ಕ ನನಗೆ ಹೊಸದಲ್ಲ. ಬಾಕಿ ಉಳಿಸಿದವರ
ಫ್ಯೂಸು ಕಿತ್ತ ಕೈ ಇದು, ಡಿಸೆಂಬರಿನಲ್ಲೂ ಕಿತ್ತ ಕೈ.
ಗಾರ್ದುನ್ಯೊ ಮುದುಕಿ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದಳು.
"ಕಾಫಿ ಕುಡೀತೀಯೇನಮ್ಮ?" ಎಂದಿದ್ದಳು,
ಒಲೆ ಆರಿದ್ದರೂ.

ಹೀಟರು ಆರಿಸಿದೆ.

ನನ್ನ ಕೋಟು, ಅವನ ಕೋಟು, ಟವೆಲು, ನೆಲದ ಚಾಪೆ
ಎಲ್ಲ ಮೇಲೆಳೆದುಕೊಂಡು ಒಂದೇ ಕಂಬಳಿಯೊಳಗೆ.
ಯಂತ್ರ ಡುಸ್ ಅನ್ನುತ್ತದೆ, ಅವನು ಎಳೆಯುತ್ತಾನೆ.
ಡುಸ್. ಎಳೆಯುತ್ತಾನೆ. ನಾನು ಎಣಿಸುತ್ತೇನೆ,
ಎಣಿಸುವುದು ಬಿಟ್ಟು ಬೇರೆ ವಿದ್ಯೆ ನನಗೆ ಬಾರದು.
ಮೂರು ಗಂಟೆಗೆ, "ಹೊರಗೆ ನೋಡು" ಎಂದ.
ಕಿಟಕಿಯ ಗಾಜಿನ ಮೇಲೆ ನಮ್ಮ ಉಸಿರೇ ಹೆಪ್ಪುಗಟ್ಟಿತ್ತು.
ಉಗುರಿನಿಂದ ಕೆರೆದು ನಾಣ್ಯದಷ್ಟು ತೂತು ಮಾಡಿದೆ.
ನಕ್ಷತ್ರಗಳು.
ಅಷ್ಟೊಂದು ಖರ್ಚು, ಬರೆದುಕೊಳ್ಳುವವರೇ ಇಲ್ಲ.

ಬೆಳಿಗ್ಗೆ ಸೋಲಾರ್ ಹಲಗೆಯ ಮೇಲಿನ ಹಿಮ ಒರೆಸುತ್ತಿದ್ದೆ, ತೋಳಿನಿಂದಲೇ.
ಒಳಗೆ ಪಾತ್ರೆಯ ಸದ್ದು. ನಿನ್ನೆಯ ಬೀನ್ಸು ತಣ್ಣಗೇ ತಿನ್ನುತ್ತಿದ್ದ,
ಮೂಗಿನಲ್ಲಿ ನಳಿಗೆ, ಹಲ್ಲಲ್ಲಿ ಕಟಕಟ.
"ಇನ್ನೂ ಬೆಂದಿಲ್ಲ" ಎಂದ,
"ಇನ್ನೊಂದು ದಿನ ಇಟ್ಟರೆ ಬೆಂದೀತು."
ಬಾಗಿಲಿಂದಲೇ ಅಂಕಿ ನೋಡಿದೆ.
ಹನ್ನೊಂದು ಪಾಯಿಂಟ್ ಒಂಬತ್ತು.
ಬಿಸಿಲು ಹಲಗೆಯ ಒಂದು ಮೂಲೆಗೆ
ಆಗಷ್ಟೇ ಮುಟ್ಟಿತ್ತು.