ನಾಲ್ಕನೆಯ ಮೆಟ್ಟಿಲು

ಕುಂಭಕೋಣದಿಂದ ಬಸ್ಸಿನಲ್ಲಿ ಬಂತು ವೀಣೆ,
ಜಮಖಾನ ಹೊದ್ದು, ಜ್ವರದ ಮುದುಕಿಯ ಹಾಗೆ
ಅಂಗಯರ್ಕಣ್ಣಿ ಟೀಚರ ತೊಡೆಗೆ ತಲೆಯಿಟ್ಟು.
ಅದಕ್ಕೂ ಅರ್ಧ ಟಿಕೆಟ್ಟು. ಕಂಡಕ್ಟರ್ ಬಿಡಲಿಲ್ಲವಂತೆ.

ತಂಜಾವೂರಿನ ಕತ್ತರಿ ಬಿಸಿಲಿಗೆ
ಮೇಣವೂ ಬೆವರುತ್ತದೆ.
ಮೆಟ್ಟಿಲುಗಳು ಕೂದಲೆಳೆಯಷ್ಟು ಕುಸಿದಿವೆ,
ಷಡ್ಜವನ್ನು ಕರೆದರೆ
ಪಕ್ಕದ ಮನೆಯವರು ಬಾಗಿಲು ತೆಗೆಯುತ್ತಾರೆ.
ಹತ್ತು ದಿನ, ಅಂದೆ. ಎಂಟು, ಅಂದರು.
ಕಾಫಿ ತರಿಸಿದೆ.

ಇಪ್ಪತ್ತನಾಲ್ಕು ಕಂಚಿನ ಕಡ್ಡಿ.
ಕಾದ ಸಲಾಕೆ ತಾಗಿಸಿದರೆ
ಹೊಗೆಯಲ್ಲಿ ಇನ್ನೂ ಜೇನುಹುಟ್ಟಿನ ವಾಸನೆ.
ಮೇಣವೆಷ್ಟು, ದೀಪದ ಮಸಿಯೆಷ್ಟು,
ಅಪ್ಪ ಬರೆದಿಡಲಿಲ್ಲ. ನನ್ನ ಮೂಗಿಗೆ ಹೇಳಿ ಹೋದ.

ಕುದುರೆಯ ಕಡೆಯಿಂದ ಕೀಳುತ್ತ ಬಂದೆ.
ನಿಷಾದ, ಧೈವತ, ಪಂಚಮ,
ಯಾರೋ ಅವಸರದಲ್ಲಿ ರಿಪೇರಿ ಮಾಡಿದ್ದು, ಬಿಡಿ.
ನಾಲ್ಕನೆಯದರಲ್ಲಿ, ಅಂತರ ಗಾಂಧಾರದ ಬುಡದಲ್ಲಿ,
ಹಳೆಯ ಮೇಣ, ಕಲ್ಲಾಗಿತ್ತು.
ಅದರ ಪಕ್ಕೆಯಲ್ಲಿ ಒಂದು ಹೆಬ್ಬೆರಳು.
ಗೆರೆ ಗೆರೆ ಸಮೇತ. ನಡುವೆ ಅಡ್ಡ ಸೀಳು:
ಹಲಸಿನ ಕೊರಡು ತೋಡುವಾಗ ಉಳಿ ಜಾರಿದ್ದು,
ಅರಿಶಿನಕ್ಕೆ ಓಡಿದವನು ನಾನೇ.

ಸೊಕ್ಕಲಿಂಗ ಆಚಾರಿ ಹೋಗಿ ಮೂವತ್ತೊಂದು ವರ್ಷ.
ಮನೆಯಲ್ಲಿ ಒಂದೇ ಫೋಟೋ, ರೇಷನ್ ಕಾರ್ಡಿಗೆ ತೆಗೆಸಿದ್ದು.
ಅದರಲ್ಲಿ ಕೈಗಳಿಲ್ಲ.

ಎಡಗಿವಿ ಮಂದ ಅವನಿಗೆ.
ಅವನ ಗಾಂಧಾರ ಯಾವತ್ತೂ ಎಳ್ಳುಕಾಳಷ್ಟು ಏರು.
ಹೇಳಿದ್ದಕ್ಕೆ ಒಂದು ಆಡಿ ತಿಂಗಳು ಪೂರ್ತಿ
ನನ್ನೊಡನೆ ಮಾತು ಬಿಟ್ಟಿದ್ದ.
ನಾನೂ ಬಿಟ್ಟಿದ್ದೆ, ಇನ್ನೂ ಎರಡು ವಾರ ಹೆಚ್ಚಿಗೆ.

ಸಲಾಕೆ ಕಾಯಿಸಿದೆ. ಆರಿತು.
ಮತ್ತೆ ಕಾಯಿಸಿದೆ.
'ಕೆಂಡ ಸಾಲದಾ ಅಣ್ಣಾ?' ಅಂದ ಪೂವರಸನ್.
ಊಟಕ್ಕೆ ಹೋಗು, ಅಂದೆ. ಇನ್ನೂ ಹನ್ನೊಂದು ಗಂಟೆ.

ಎಂಟನೆಯ ದಿನ ಟೀಚರು ಕೂತು ನುಡಿಸಿದರು.
ಗಾಂಧಾರಕ್ಕೆ ಬಂದು ನಿಂತರು. ಹಿಂದೆ ಹೋಗಿ ಮತ್ತೆ ಬಂದರು.
ಕನ್ನಡಕದ ಮೇಲಿಂದ ನೋಡಿದರು.
'ಏರು,' ಅಂದೆ ನಾನೇ.
'ಮೊದಲಿಂದಲೂ,' ಅಂದರು.
'ನಮ್ಮ ಗುರುಗಳು ಇದನ್ನು ಒತ್ತುತ್ತಲೇ ಇರಲಿಲ್ಲ.'
ಮೂರನೆಯ ಮೆಟ್ಟಿಲಲ್ಲೇ ಬೆರಳಿಟ್ಟು
ತಂತಿಯನ್ನು ಪಕ್ಕಕ್ಕೆ ಎಳೆದರು.
ಗಾಂಧಾರ ಬಂತು, ಸರಿಯಾದ್ದು,
ನಾಲ್ಕನೆಯದರ ಮೇಲಿಂದ
ಮಲಗಿದವರನ್ನು ದಾಟುವ ಹಾಗೆ.

ರಸೀದಿಯಲ್ಲಿ ಮೆಟ್ಟಿಲು ಇಪ್ಪತ್ತಮೂರು ಎಂದು ಬರೆದೆ.
ಓದಿದರು. ಮಡಿಸಿ ಚೀಲಕ್ಕೆ ಹಾಕಿಕೊಂಡರು.
ಐದೂವರೆಯ ಬಸ್ಸಿಗೆ ಹೊತ್ತಾಗಿತ್ತು.