ಜಪ್ತಿ ಪಟ್ಟಿ

ಮಿಕ್ಸರ್ ಒಂದು, ಹಿಡಿಕೆ ಮುರಿದದ್ದು.
ತಾಪಿ ಎರಡು.
ಸಲಿಕೆ ನಾಲ್ಕು. ಬುಟ್ಟಿ ಹನ್ನೊಂದು,
ಅದರಲ್ಲಿ ತಳ ಇದ್ದದ್ದು ಏಳು.
ಓಳಂಬ ಒಂದು, ಹಿತ್ತಾಳೆ ಗುಂಡಿನದು, ದಾರ ಸಮೇತ.

ಬರೆದವನು ನಾನು,
ಕಲಬುರಗಿ ಮಹಾನಗರ ಪಾಲಿಕೆ, ಪರವಾನಗಿ ಶಾಖೆ,
ದ್ವಿತೀಯ ದರ್ಜೆ ಸಹಾಯಕ.
ಮೇ ತಿಂಗಳು. ಕೂಲರಿನಲ್ಲಿ ನೀರು ಮುಗಿದು
ಬರೀ ಸದ್ದು ಬೀಸುತ್ತಿದ್ದ ಮಧ್ಯಾಹ್ನ.

ವಿಚಾರಣೆಗೆ ಮೊದಲು ಹೆಸರು ಕೂಗಬೇಕು.
ಪರವಾನಗಿಯಲ್ಲಿ ಇದ್ದದ್ದನ್ನೇ ಕೂಗಿದೆ:
"ಮಲ್ಕಾಜಪ್ಪ ಕಲಶೆಟ್ಟಿ!"
ಹೊರಗಿನ ಬೆಂಚಿನಿಂದ ಎದ್ದು ಬಂದವನು ಭೀಮಶಾ ಹಡಗಿಲ.
"ಅವ್ರು ತೀರಿ ನಾಕ್ ವರ್ಸ ಆಯ್ತ್ರಿ ಸಾಯೇಬ್ರ.
ನಾ ಅವ್ರ ಹೆಸರಿನ ಮ್ಯಾಲ ದುಡಿಲಾಕತ್ತೀನಿ."

ಸಾಹೇಬರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.
ತೀರಿಹೋದವನ ಪರವಾನಗಿ
ಮೂರು ಸಲ ನವೀಕರಣವಾಗಿದೆ, ಇದೇ ಮೇಜಿನ ಮೇಲೆ.
ಠಸ್ಸೆ ಒತ್ತಿದ ಕೈ ಯಾರದು ಅಂತ
ಅವರು ಕೇಳಲಿಲ್ಲ,
ನಾನು ಮಸಿಯ ಡಬ್ಬಿ ಸ್ವಲ್ಪ ಆಚೆ ಸರಿಸಿದೆ.

ದೂರುದಾರರು ಇಂದುಮತಿ ಸಾಲಿ, ದವಾಖಾನೆಯ ನರ್ಸು,
ರಾತ್ರಿ ಪಾಳಿ ಮುಗಿಸಿ ನೇರ ಬಂದವರು.
ಬ್ಯಾಂಡೇಜು ಬಟ್ಟೆಯ ಸುತ್ತು ಬಿಚ್ಚಿ
ಮೇಜಿನ ಮೇಲಿಟ್ಟರು ಕಬ್ಬಿಣದ ಸಳಿಯ ತುಂಡು.
"ಹನ್ನೆರಡರದ್ದು ಹಾಕ್ತೀನಿ ಅಂದಿದ್ದ.
ಸೆಂಟ್ರಿಂಗ್ ಬಿಚ್ಚಿದ ಮರುದಿನಾನೆ ಸಜ್ಜಾ ಬಿತ್ತು.
ನೋಡ್ರಿ, ಒಳಗ ಎಂಟರದ್ದು."

ಭೀಮಶಾ ಆ ತುಂಡನ್ನು ಎತ್ತಿ, ಹೊರಳಿಸಿ,
ಉಗುರಿನಿಂದ ತುಕ್ಕು ಕೆರೆದು ನೋಡಿದ.
"ಎಂಟರದೇ ರೀ. ಆ ವಾರ ಕಬ್ಬಿಣ ಭಾಳ ತುಟ್ಟಿ ಆಗಿತ್ತು."
ಬಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟ.
ಆಮೇಲೆ ಏನೋ ನೆನಪಾದವನ ಹಾಗೆ:
"ಆದ್ರ ಪರವಾನಗಿ ಇಲ್ದಾಂವ ಅಂತ ಅನಬ್ಯಾಡ್ರಿ.
ಈ ನಿಮ್ಮ ಆಫೀಸಿನ ಕಂಪೌಂಡ್ ಗೋಡಿ ಯಾರ್ ಕಟ್ಟ್ಯಾರ?
ನಾನೇ. ಬಿಲ್ ಅಷ್ಟೇ ಬ್ಯಾರೇರ ಹೆಸರಿಗಿ ಆಗ್ಯಾದ."

"ಅದನ್ನ ಬರ್ಕೋಬ್ಯಾಡ," ಅಂದರು ಸಾಹೇಬರು.
"ಕಂಪೌಂಡ್ ಗೋ" ತನಕ ಬರೆದಾಗಿತ್ತು.
ಗೆರೆ ಎಳೆದೆ.

ಆದೇಶ: ಕೆಲಸ ಕೂಡಲೇ ನಿಲ್ಲಿಸತಕ್ಕದ್ದು.
ದಂಡ ಐವತ್ತು ಸಾವಿರ.
ಮೂರು ವರ್ಷ ಕಪ್ಪು ಪಟ್ಟಿಗೆ.
"ಯಾರ ಹೆಸರು ರೀ ಸರ್?" ಅಂದೆ. "ಸತ್ತವರದೋ, ಇವನದೋ?"
ಸಾಹೇಬರು ಗಡಿಯಾರ ನೋಡಿದರು.
"ಇಬ್ಬರದೂ ಬರಿ."

ಸಹಿ ಮಾಡುವಾಗ ಭೀಮಶಾನ ಕೈ
ರೂಢಿಯ ಮೇಲೆ 'ಮ' ಅಂತ ಶುರುಮಾಡಿತು.
ನಿಂತಿತು.
ಅದನ್ನು ಹೊಡೆದುಹಾಕಿ, ಬಗ್ಗಿ,
ಪಾಟಿಯ ಮೇಲೆ ಮೊದಲ ದಿನ ಬರೆಯುವ ಹುಡುಗನಂತೆ
'ಭೀ' ಬರೆದ.

ಆರು ಗಂಟೆಗೆ ಎಲ್ಲರೂ ಹೋದ ಮೇಲೆ
ಜಪ್ತಿಯಾದ ಓಳಂಬ ತೆಗೆದುಕೊಂಡು ಹೊರಗೆ ಬಂದೆ.
ಶೇಂಗಾ ಹುರಿಯುವವನು ಕಡಾಯಿ ಬಿಟ್ಟು ನನ್ನನ್ನೇ ನೋಡಿದ.
ಗೋಡೆಯ ನೆತ್ತಿಯಿಂದ ದಾರ ಇಳಿಬಿಟ್ಟೆ,
ಗುಂಡು ತೂಗಿ ತೂಗಿ ನಿಲ್ಲುವ ತನಕ ಉಸಿರು ಹಿಡಿದೆ.
ನಾಲ್ಕು ಕಡೆ ನೋಡಿದೆ.
ನೂಲಷ್ಟೂ ವಾಲಿಲ್ಲ.
ದರಿದ್ರದ್ದು, ಎಷ್ಟು ನೆಟ್ಟಗೆ ಕಟ್ಟಿದ್ದಾನೆ!
ಬಿಸಿಲು ಕುಡಿದ ಕಲ್ಲು ಇನ್ನೂ ಅಂಗೈ ಸುಡುತ್ತಿತ್ತು.
ಈ ಗೋಡೆ ಎತ್ತಿದ ಕೈಯೇ
ಆ ಸಜ್ಜಾದೊಳಗೆ ಎಂಟರ ಸಳಿ ಮಲಗಿಸಿದ್ದು.

ಸಜ್ಜಾದ ಕೆಳಗೆ ಒಬ್ಬ ಹುಡುಗನಿದ್ದ.
ತಿಪ್ಪಣ್ಣ, ನಾಲವಾರದ ಕಡೆಯವನು, ಹದಿನೇಳು,
ಬುಟ್ಟಿ ಹೊರುವವನು.
ಅವನಿಗೆ ಡ್ರೆಸ್ಸಿಂಗ್ ಮಾಡಿದ್ದೂ ಅದೇ ನರ್ಸಮ್ಮ ಅಂತೆ.
ನಮೂನೆಯಲ್ಲಿ ದೂರುದಾರರಿಗೆ ಒಂದು ಕಲಂ ಇದೆ,
ಎದುರುದಾರರಿಗೆ ಒಂದು,
ನಿವೇಶನದ ನಾಲ್ಕು ದಿಕ್ಕಿಗೂ ಒಂದೊಂದು.
ಅವನನ್ನು ಎಲ್ಲಿ ಬರೆಯಲಿ?

ಒಳಗೆ ಬಂದೆ. ದಾರ ಸುತ್ತಿ ಓಳಂಬ ಇಟ್ಟೆ.
ಪಟ್ಟಿ ತೆರೆದು, ಎಲ್ಲದರ ಕೆಳಗೆ:
ಕಾಲು ಒಂದು, ಎಡಗಡೆಯದು.

ಪೆನ್ಸಿಲಿನಲ್ಲಿ ಬರೆದೆ.
ಪೆನ್ನು ಜೇಬಿನಲ್ಲೇ ಇತ್ತು.