ಹೆಣದ ಪಾಳಿ

ಹನ್ನೊಂದಕ್ಕ ಸೈರನ್ ಹೊಡೀತದ,
ಅದು ಸುಳ್ಳು ಬೆಂಕಿ, ಯಾರೂ ಅಂಜಬ್ಯಾಡ್ರಿ
ಅಂತ ನಿನ್ನೆ ಸಂಜೀಕೇ ಹೇಳಿದ್ದರು.
ಅಂಜಬಾರದಂದ್ರ ಓಡೋದ್ಯಾಕ
ಅಂತ ಮೈನಾಬಾಯಿ ಕೇಳಿದಳು.
ಯಾರೂ ಉತ್ತರ ಕೊಡಲಿಲ್ಲ.

ಕಪನೂರಿನ ಬ್ಯಾಳಿ ಮಿಲ್ಲು. ನಾವು ನಲವತ್ತಾರು ಮಂದಿ.
ತೊಗರಿ ಒಡೀತದ, ಹೊಟ್ಟು ಹಾರತದ,
ಗಾಳ್ಯಾಗ ಹಳದಿ ಧೂಳು ತೇಲತದ.
ಈ ಧೂಳೇ ಮದ್ದು, ಒಂದು ಕಿಡಿ ಸಾಕು
ಅಂದಳು ಬಿಳಿ ಹೆಲ್ಮೆಟ್ಟಿನ ಹುಡುಗಿ.
ಹದಿನಾಲ್ಕು ವರ್ಷ ಆ ಮದ್ದನ್ನ
ಸೆರಗಿಗೆ ಒರಸಿಕೊಂಡು ಮನಿಗೆ ಒಯ್ದೀನಿ,
ಅದೇ ಸೆರಗಿಲೆ ಮೊಮ್ಮಗಳ ಮೂಗು ಒರಸೀನಿ.

ಗಾಯ ಆದವರು ಒಬ್ಬರು ಬೇಕಲ್ಲ, ಅಂದಳು.
ಗಂಡಸರು ನೆಲ ನೋಡಿದರು.
ಸುಳ್ಳಾದರೂ ಅಪಶಕುನ ಅಂತ
ಮಾಂತಪ್ಪ ತಾಯತ ಮುಟ್ಟಿಕೊಂಡ.
ನಾ ಕೈ ಎತ್ತಿದೆ.
ಧೈರ್ಯ ಅಲ್ಲ. ಮಲಗೋ ಕೆಲಸ ಅಂದಿದ್ದಳು.

ಎದಿಗೆ ಚೀಟಿ ಚುಚ್ಚಿದರು:
ಜಗದೇವಿ, ವಯಸ್ಸು ಐವತ್ತೊಂದು,
ನಲವತ್ತು ಪರ್ಸೆಂಟ್ ಸುಟ್ಟದ, ಎಚ್ಚರಿಲ್ಲ.
ಓದಲಿಕ್ಕ ಬರದ ನಂಗ
ಲಾರಿ ರುಕ್ಮೋದ್ದೀನ ಓದಿ ಹೇಳಿದ,
ಅಕ್ಕಾ, ವಯಸ್ಸು ಕಮ್ಮಿ ಬರದಾರ, ಅಂತ ನಕ್ಕ.

ಜಾಲರಿ ಮಷೀನಿನ ಹಿಂದ ಮಲಗಿದೆ.
ಹಗಲಿನ್ಯಾಗ, ಕೆಲಸದ ತಾಸಿನ್ಯಾಗ,
ಪಗಾರ ಕಟ್ಟಾಗದಂಗ
ಬೆನ್ನು ನೆಲಕ್ಕ ಹಚ್ಚಿದ್ದು ನೆನಪಿಲ್ಲ.
ಬೆಲ್ಟು ನಿಂತಾಗ
ಈ ಮಿಲ್ಲಿಗೂ ಸುಮ್ಮನಿರೋದು ಗೊತ್ತದ ಅನ್ನಿಸಿತು.
ತಗಡಿನ ತೂತಿನಿಂದ ಒಂದು ರೂಪಾಯಿಯಷ್ಟು ಬಿಸಿಲು
ಮೊಣಕೈ ಮ್ಯಾಲ ಬಿದ್ದಿತ್ತು.
ಗುಬ್ಬಿಯೊಂದು ಬ್ಯಾಳಿ ಹೆಕ್ಕತಿತ್ತು,
ಅದಕ್ಕ ಯಾರೂ ಡ್ರಿಲ್ ಅಂತ ಹೇಳಿರಲಿಲ್ಲ.

ಸೈರನ್.

ಗುಬ್ಬಿ ಹಾರಿತು.
ಯಾರೋ ನಕ್ಕೊಂತ ಓಡಿದರು, ಯಾರೋ ಚಪ್ಪಲಿ ಹುಡುಕಿದರು.
ಇಬ್ಬರು ಸ್ಟ್ರೆಚರ್ ತಂದು ಎತ್ತಿದರು,
ಏನ್ ಭಾರ ಇದ್ದೀ ಯವ್ವಾ, ಅಂದ ಒಬ್ಬ.
ಎಚ್ಚರಿಲ್ಲದಾಕಿ ಮಾತಾಡಬಾರದು. ಹಲ್ಲು ಕಚ್ಚಿದೆ.

ಹಿಂದಿನ ಬಾಗಲಕ್ಕ ಒಯ್ದರು.
ಹಸಿರು ಬೋರ್ಡಿನ್ಯಾಗ ಓಡೋ ಮನುಷ್ಯಾ ಇದ್ದಾನಲ್ಲ, ಆ ಬಾಗಲ.
ಅದರ ಮುಂದ
ಐವತ್ತು ಕಿಲೋದ ಚೀಲ, ಎದಿ ಮಟ, ನಾಕು ಸಾಲು.
ಚೀಲದ ಹಿಂದ ಚಿಲಕ, ಚಿಲಕಕ್ಕ ಬೀಗ.
ಬೀಗ ಇಲ್ಲಿ, ಕೀಲಿಕೈ ಸಿದ್ರಾಮಪ್ಪನ ಕಿಸೆದಾಗ,
ಸಿದ್ರಾಮಪ್ಪ ಆಳಂದದಾಗ, ಬೀಗರ ಮನ್ಯಾಗ.

ಸ್ಟ್ರೆಚರ್ ಕೆಳಗಿಟ್ಟರು.
ನಾ ಕಣ್ಣು ಮುಚ್ಚಿಕೊಂಡೇ ಇದ್ದೆ.
ಮೊದಲು ನಗು ಕೇಳಿತು. ಆಮ್ಯಾಲ ನಗು ನಿಂತಿತು.
ಒಬ್ಬ ಚೀಲ ಎಳದ. ಇನ್ನೊಬ್ಬ ಎಳದ.
ಹುಡುಗಿ ಗಡಿಯಾರ ನೋಡಿ
ಜೋರಾಗಿ ಎಣಸಲಾಕ ಹತ್ತಿದಳು: ಮೂರು ನಿಮಿಷ. ನಾಕು.
ಆವಾಗ ನಂಗ ಖರೇನೇ ಉಸಿರು ಸಾಲದಂಗಾತು.
ಎದಿ ಮ್ಯಾಲಿನ ಚೀಟಿ ಏರೋದು, ಇಳಿಯೋದು.

ಒಂಬತ್ತು ನಿಮಿಷಕ್ಕ
ಮುಂದಿನ ಗೇಟಿನಿಂದ,
ಅಂದ್ರ ಸುಳ್ಳು ಬೆಂಕಿ ಇದ್ದ ಕಡಿಂದನೇ ಹಾಯ್ದು,
ಬೇವಿನ ಗಿಡದ ಕೆಳಗ ಇಳಿಸಿದರು.
ಹಜೇರಿ ತಗೊಂಡರು. ನಲವತ್ತೈದು.
ಮತ್ತ ಎಣಿಸಿದರು. ನಲವತ್ತೈದು.
ಸತ್ತಾಕಿನ್ನ ಹಿಡದೋ ಬಿಟ್ಟೋ, ಅಂತ ಒದರಿದ ಮಾಂತಪ್ಪ.
ಆಗ ನಾ ಎದ್ದು ಕುಂತೆ.

ಅಕ್ಕಾ, ಇನ್ನೂ ಮುಗದಿಲ್ಲ, ಮಲಗ್ರಿ, ಅಂದಳು ಹುಡುಗಿ.
ಮುಗದದ ಯವ್ವಾ, ಅಂದೆ,
ನಂದು ನಾಕು ನಿಮಿಷಕ್ಕೇ ಮುಗದದ.
ಆಮ್ಯಾಲಿನ ಐದು ನಿಮಿಷ ನೀವು ಹೊತ್ತದ್ದು ಹೆಣ.
ಅವಳ ಪೆನ್ನು ನಿಂತಿತು.

ಚಾ ಬಂತು. ಫೋಟೋ ತೆಗದರು.
ಅವತ್ತು ಚೀಲ ಸರದವು, ಬೀಗ ಕಳಚಿತು.
ಗುರುವಾರಕ್ಕ ಎರಡು ಚೀಲ ಹೊಳ್ಳಿ ಬಂದು ಕುಂತವು.
ಒಂದೇ ರಾತ್ರಿ ಜಗದೇವಿ, ನಾಳಿಗೆ ಲಾರಿ ಬರತದ,
ಅಂದ ಸಿದ್ರಾಮಪ್ಪ, ಮೂರನೇದಕ್ಕ ಕೈ ತೋರಿಸಿ.

ನಾ ಬಾಗಲಕ್ಕ ತಲಿ ಹಚ್ಚಿ, ಕಾಲು ಚಾಚಿ
ಮಲಗಿದೆ. ಎದಿ ಮ್ಯಾಲ ಅದೇ ಚೀಟಿ.
ಹಮಾಲರು ಚೀಲ ಹೊತ್ತವರು ಹೊತ್ತಂಗೇ ನಿಂತರು.
ಏಳು, ಅಂದ. ಏಳಲಿಲ್ಲ.
ಬೆಲ್ಟು ನಡದೇ ಇತ್ತು, ಧೂಳು ಏರತಿತ್ತು,
ಗುಬ್ಬಿ ಬಂದು
ನನ್ನ ಕಾಲಕಡಿ ಬಿದ್ದ ಬ್ಯಾಳಿ ಹೆಕ್ಕಲಾಕ ಹತ್ತಿತು.